ಯಾರು ಯಾರಿಗೆ ಏನಾಗಬೇಕು: ವಿಧಾನಸಭೆಯ ನಂಟಸ್ತಿಕೆಯನ್ನು ನಾನು ಪಟ್ಟಿ ಮಾಡುವ ಬಗೆ

ಚುನಾವಣೆ ಫಲಿತಾಂಶ ಬಂದ ವಾರದೊಳಗೆ ‘ಸದನದಲ್ಲಿ ಅಪ್ಪ-ಮಕ್ಕಳು, ಅಣ್ಣ-ತಮ್ಮಂದಿರು’ ಎಂಬ ಪಟ್ಟಿಗಳು ಎಲ್ಲೆಡೆ ಹರಿದಾಡುತ್ತವೆ. ವರ್ಷ ಕಳೆಯುವುದರೊಳಗೆ ಅವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದಂತಾಗುತ್ತವೆ. ಹೆಸರು, ನಂಟು ಎರಡೂ ಇರುತ್ತವೆ, ದಿನಾಂಕ ಇರುವುದಿಲ್ಲ. ಕರ್ನಾಟಕದ ಶಾಸಕರ ಕುಟುಂಬ ಸಂಬಂಧಗಳನ್ನು ದಾಖಲಿಸುವಾಗ ನಾನು ಮೊದಲು ನೋಡುವುದು ದಿನಾಂಕವನ್ನು, ಆಮೇಲೆ ನಂಟನ್ನು.

ನನ್ನ ಕಡತದಲ್ಲಿ ಮೂರು ಹಾಳೆಗಳಿವೆ. ಮೊದಲನೆಯದರಲ್ಲಿ ವ್ಯಕ್ತಿಗಳು: ತಲೆಗೊಂದು ಸಾಲು, ಸಾಲಿಗೊಂದು ಸಂಖ್ಯೆ. ಎರಡನೆಯದರಲ್ಲಿ ಅವಧಿಗಳು: ಯಾವ ಸದನ, ಯಾವ ಕ್ಷೇತ್ರ, ಯಾವ ಪಕ್ಷ, ಎಂದಿನಿಂದ ಎಂದಿನವರೆಗೆ, ಸ್ಥಾನ ಹೋದದ್ದು ಹೇಗೆ. ಮೂರನೆಯದರಲ್ಲಿ ಸಂಬಂಧಗಳು. ಈ ಮೂರನೆಯ ಹಾಳೆಗೆ ಎರಡೇ ಬಗೆಯ ನಂಟನ್ನು ಬರೆಯುತ್ತೇನೆ: ಹೆತ್ತವರು-ಮಕ್ಕಳು, ಗಂಡ-ಹೆಂಡತಿ. ಅಣ್ಣ-ತಮ್ಮ, ಮಾವ-ಅಳಿಯ, ಚಿಕ್ಕಪ್ಪ, ಬೀಗರು ಎಲ್ಲವೂ ಈ ಎರಡರಿಂದಲೇ ಹುಟ್ಟುತ್ತವೆ. ಅವನ್ನೂ ಕೈಯಿಂದ ತುಂಬಲು ಹೊರಟರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಹಾಗೇ ಉಳಿದು, ಕಡತ ತನ್ನೊಡನೆ ತಾನೇ ಜಗಳಕ್ಕೆ ನಿಲ್ಲುತ್ತದೆ. ಇದಕ್ಕಾಗಿ, ಎಂದೂ ಚುನಾವಣೆಗೆ ನಿಲ್ಲದ ತಂದೆ ಅಥವಾ ತಾಯಿಗೂ ಒಂದು ಸಾಲು ಕೊಡಬೇಕಾಗುತ್ತದೆ. ಅವರಿಲ್ಲದೆ ಇಬ್ಬರು ಸೋದರರನ್ನು ಜೋಡಿಸಲಾಗದು.

ಪಕ್ಷವನ್ನು ವ್ಯಕ್ತಿಯ ಸಾಲಿನಲ್ಲಿ ಬರೆಯಬಾರದು, ಅವಧಿಯ ಸಾಲಿನಲ್ಲೇ ಬರೆಯಬೇಕು. ರಮೇಶ ಜಾರಕಿಹೊಳಿ 2018ರಲ್ಲಿ ಗೋಕಾಕದಿಂದ ಗೆದ್ದದ್ದು ಕಾಂಗ್ರೆಸ್‌ನಿಂದ, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದದ್ದು ಬಿಜೆಪಿಯಿಂದ. ಆ ಉಪಚುನಾವಣೆಯಲ್ಲಿ ಎದುರಾಳಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತವರು ಅವರ ತಮ್ಮ ಲಖನ್.

ದಿನಾಂಕ ಎಂದರೆ ಯಾವ ದಿನಾಂಕ? ಆರಂಭಕ್ಕೆ ನಾನು ಫಲಿತಾಂಶ ಘೋಷಣೆಯ ದಿನವನ್ನು ಹಿಡಿಯುತ್ತೇನೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಆಯ್ಕೆಯಾದ ದಿನ ಅದೇ. ಪ್ರಮಾಣವಚನದ ದಿನವನ್ನು ಹಿಡಿದರೆ ತಡವಾಗಿ ಪ್ರಮಾಣ ಮಾಡಿದವರ ಲೆಕ್ಕ ತಪ್ಪುತ್ತದೆ. ಕೊನೆಯ ದಿನಕ್ಕೆ ರಾಜೀನಾಮೆ ಕೊಟ್ಟ ದಿನವಲ್ಲ, ಸ್ಪೀಕರ್ ಅದನ್ನು ಅಂಗೀಕರಿಸಿದ ದಿನ ಬೇಕು. 2018ರ ಸದನದಲ್ಲಿ ಈ ಎಚ್ಚರದ ಅಗತ್ಯ ಚೆನ್ನಾಗಿ ಕಾಣುತ್ತದೆ. ರಾಮಲಿಂಗಾ ರೆಡ್ಡಿ ಬಿಟಿಎಂ ಲೇಔಟ್‌ನಿಂದ ಮೇ ತಿಂಗಳಲ್ಲೇ ಆಯ್ಕೆಯಾದರು. ಮಗಳು ಸೌಮ್ಯಾ ರೆಡ್ಡಿ ಸ್ಪರ್ಧಿಸಿದ್ದ ಜಯನಗರದಲ್ಲಿ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ನಿಧನದಿಂದ ಮತದಾನ ಜೂನ್‌ಗೆ ಹೋಯಿತು. ಹಾಗಾಗಿ ಈ ಅಪ್ಪ-ಮಗಳ ಜೋಡಿ ಆ ಸದನದಲ್ಲಿ ಶುರುವಾಗುವುದು ಜೂನ್‌ನಿಂದ. 2023ರಲ್ಲಿ ಸೌಮ್ಯಾ 16 ಮತಗಳಿಂದ ಸೋತರು, ಜೋಡಿ ಮುಗಿಯಿತು. ಜಾರಕಿಹೊಳಿ ಸೋದರರ ವಿಷಯವೂ ಹೀಗೆಯೇ. ರಮೇಶ ಅವರನ್ನು ಸ್ಪೀಕರ್ ಅನರ್ಹಗೊಳಿಸಿದ್ದು 2019ರ ಜುಲೈ 25ರಂದು, ಅವರು ಮತ್ತೆ ಗೆದ್ದು ಬಂದದ್ದು ಡಿಸೆಂಬರ್ 9ರಂದು. ನಡುವಿನ ತಿಂಗಳುಗಳಲ್ಲಿ ಸದನದಲ್ಲಿದ್ದವರು ಸತೀಶ ಮತ್ತು ಬಾಲಚಂದ್ರ ಇಬ್ಬರೇ. ‘15ನೇ ವಿಧಾನಸಭೆಯಲ್ಲಿ ಮೂವರು ಸೋದರರು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಆ ಬಿರುಕು ಮುಚ್ಚಿಹೋಗುತ್ತದೆ. ಎಚ್.ಡಿ. ಕುಮಾರಸ್ವಾಮಿ ಮತ್ತು ಅನಿತಾ ದಂಪತಿ ಒಟ್ಟಿಗೆ ಶಾಸಕರಾದದ್ದೂ ಮೇ ತಿಂಗಳಿನಿಂದಲ್ಲ. ಎರಡು ಕಡೆ ಗೆದ್ದ ಕುಮಾರಸ್ವಾಮಿ ರಾಮನಗರವನ್ನು ಬಿಟ್ಟು ಚನ್ನಪಟ್ಟಣ ಉಳಿಸಿಕೊಂಡರು. ತೆರವಾದ ರಾಮನಗರದಲ್ಲಿ ಅನಿತಾ ಗೆದ್ದದ್ದು ನವೆಂಬರ್ 2018ರ ಉಪಚುನಾವಣೆಯಲ್ಲಿ.

ಇನ್ನು ಹೆಸರಿನ ವಿಷಯ. ಕೆಲಸದ ಮುಕ್ಕಾಲು ಪಾಲು ಇಲ್ಲೇ ಕಳೆಯುತ್ತದೆ. ಅಡ್ಡಹೆಸರು ಹೊಂದಿಸಿ ನಂಟು ಹುಡುಕುವ ವಿಧಾನ ನಮ್ಮ ರಾಜ್ಯದಲ್ಲಿ ನಡೆಯುವುದಿಲ್ಲ. ಎಂ.ಬಿ. ಪಾಟೀಲ, ಎಚ್.ಕೆ. ಪಾಟೀಲ, ಶಿವಾನಂದ ಪಾಟೀಲ, ಬಿ.ಆರ್. ಪಾಟೀಲ: ನಾಲ್ವರೂ 2023ರಲ್ಲಿ ಗೆದ್ದವರು, ನಾಲ್ವರದೂ ಬೇರೆ ಬೇರೆ ಮನೆತನ. ರೆಡ್ಡಿ, ಗೌಡ, ನಾಯಕ ಇವುಗಳ ಕಥೆಯೂ ಇಷ್ಟೇ. ಪೂರ್ತಿ ಹೆಸರೇ ಒಂದಾದರೂ ಮೋಸ ಹೋಗಬಹುದು. 2023ರ ಸದನದಲ್ಲಿ ಎಂ. ಕೃಷ್ಣಪ್ಪ ಇಬ್ಬರಿದ್ದಾರೆ. ವಿಜಯನಗರದವರು ಕಾಂಗ್ರೆಸ್, ಬೆಂಗಳೂರು ದಕ್ಷಿಣದವರು ಬಿಜೆಪಿ. ಗೋವಿಂದರಾಜನಗರದ ಪ್ರಿಯಾಕೃಷ್ಣ ಮೊದಲನೆಯವರ ಮಗ. ಹೆಸರಿನಿಂದ ಜೋಡಿಸುವ ಕಂಪ್ಯೂಟರ್ ಇಲ್ಲಿ ಅರ್ಧದಷ್ಟು ಸಲ ತಪ್ಪು ಅಪ್ಪನನ್ನೇ ಹಿಡಿಯುತ್ತದೆ. ವ್ಯಕ್ತಿಗೆ ಸಂಖ್ಯೆ ಕೊಡುವುದು ಇದಕ್ಕೇ.

ಹಳೇ ಮೈಸೂರು ಭಾಗದಲ್ಲಿ ಇನಿಷಿಯಲ್ ಹೆಚ್ಚು ಹೇಳುತ್ತದೆ, ಓದಲು ಬರಬೇಕಷ್ಟೆ. ಸಾಮಾನ್ಯವಾಗಿ ಮೊದಲ ಅಕ್ಷರ ಊರು, ಎರಡನೆಯದು ತಂದೆ. ಚಾಮುಂಡೇಶ್ವರಿಯ ಜಿ.ಟಿ. ದೇವೇಗೌಡರ ಮಗ ಹುಣಸೂರಿನ ಜಿ.ಡಿ. ಹರೀಶ್ ಗೌಡ. ‘ಜಿ’ ಉಳಿಯಿತು, ‘ಟಿ’ ಜಾಗಕ್ಕೆ ದೇವೇಗೌಡರ ‘ಡಿ’ ಬಂತು. ಆದರೆ ಎಚ್.ಡಿ. ದೇವೇಗೌಡರ ‘ಡಿ’ ದೊಡ್ಡೇಗೌಡ, ಮಕ್ಕಳಾದ ರೇವಣ್ಣ ಮತ್ತು ಕುಮಾರಸ್ವಾಮಿ ಅವರ ‘ಡಿ’ ದೇವೇಗೌಡ. ಮೂವರ ಇನಿಷಿಯಲ್ ಒಂದೇ ಆದ್ದರಿಂದ, ಹಿನ್ನೆಲೆ ಅರಿಯದವರಿಗೆ ಅಪ್ಪ-ಮಕ್ಕಳು ಅಣ್ಣ-ತಮ್ಮಂದಿರಂತೆ ಕಾಣುತ್ತಾರೆ. ಅದೇ ಎಚ್.ಡಿ. ಇರುವ ಚಿಕ್ಕಮಗಳೂರಿನ ತಮ್ಮಯ್ಯ ಆ ಮನೆಯವರಲ್ಲ. ಉತ್ತರದ ಕಡೆ ಅಕ್ಷರಗಳು ತಿರುವುಮುರುವಾಗುವುದುಂಟು: ತಂದೆ ಕೆ.ಎಚ್. ಪಾಟೀಲ, ಮಗ ಎಚ್.ಕೆ. ಪಾಟೀಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯ ಗುರುತು ಇದು. ಇಂಥ ಕನ್ನಡಿ ಅಕ್ಷರಗಳು ಸಿಕ್ಕರೆ ನಾನು ಅದನ್ನು ಸುಳಿವು ಎಂದು ಬರೆದಿಡುತ್ತೇನೆ, ಪುರಾವೆ ಎಂದಲ್ಲ.

ಹೆಸರಿನಲ್ಲಿ ಏನೂ ಸುಳಿವಿಲ್ಲದ ಜೋಡಿಗಳೇ ಪಟ್ಟಿಯಿಂದ ಬಿಟ್ಟುಹೋಗುವುದು. ಅರಕಲಗೂಡಿನ ಎ. ಮಂಜು ಜೆಡಿಎಸ್, ಮಡಿಕೇರಿಯ ಮಂತರ್ ಗೌಡ ಕಾಂಗ್ರೆಸ್. ಇವರು ತಂದೆ-ಮಗ. ದೇವನಹಳ್ಳಿಯ ಕೆ.ಎಚ್. ಮುನಿಯಪ್ಪ ಅವರ ಮಗಳು ಕೆಜಿಎಫ್‌ನ ರೂಪಕಲಾ ಶಶಿಧರ್. ಬೆಳಗಾವಿ ಗ್ರಾಮೀಣದ ಲಕ್ಷ್ಮೀ ಹೆಬ್ಬಾಳಕರ ಅವರ ತಮ್ಮ ವಿಧಾನ ಪರಿಷತ್ತಿನ ಚನ್ನರಾಜ ಹಟ್ಟಿಹೊಳಿ. ಮಹಿಳಾ ಸದಸ್ಯರ ಸಾಲಿನಲ್ಲಿ ತಂದೆ, ತಾಯಿ, ಗಂಡ ಮೂವರಿಗೂ ಪ್ರತ್ಯೇಕ ಕಾಲಂ ಇರಲೇಬೇಕು. ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು ಎಂಬುದು ಗಂಡನ ಹೆಸರಿನ ಕಾಲಂ ಒಂದರಿಂದ ತಿಳಿಯುವುದಿಲ್ಲ. ಮೂಡಿಗೆರೆಯ ನಯನಾ ಮೋಟಮ್ಮ ಅವರ ಹೆಸರಿನಲ್ಲಿರುವುದು ತಾಯಿ, ಮಾಜಿ ಸಚಿವೆ ಮೋಟಮ್ಮ. ತಂದೆಯ ಕಾಲಂ ಮಾತ್ರ ಇಟ್ಟುಕೊಂಡವರ ಪಟ್ಟಿಯಲ್ಲಿ ಈ ಎಳೆ ಸಿಗುವುದೇ ಇಲ್ಲ.

ಪುರಾವೆಗೆ ನಾನು ಮೊದಲು ತೆರೆಯುವುದು ನಾಮಪತ್ರದ ಜೊತೆಗಿನ ನಮೂನೆ 26ರ ಅಫಿಡವಿಟ್. ಮೊದಲ ಪುಟದಲ್ಲೇ ತಂದೆ, ತಾಯಿ ಅಥವಾ ಗಂಡನ ಹೆಸರು ಇರುತ್ತದೆ. ಆಸ್ತಿ ಕೋಷ್ಟಕದಲ್ಲಿ ಸ್ವಂತ, ಗಂಡ ಅಥವಾ ಹೆಂಡತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಂಬ ಕಾಲಂಗಳಿವೆ. ಒಡಹುಟ್ಟಿದವರಿಗೆ ಕಾಲಂ ಇಲ್ಲ, ದುಡಿಯುವ ಮಕ್ಕಳೂ ಅವಲಂಬಿತರಲ್ಲ. ಹಾಗಾಗಿ ಶಾಸಕ ತಂದೆಯ ಅಫಿಡವಿಟ್ಟಿನಲ್ಲಿ ಶಾಸಕ ಮಗ ಕಾಣಿಸದಿರುವುದೇ ಹೆಚ್ಚು. ಕಾಣಿಸಿದರೆ ಕೊಟ್ಟ ಸಾಲ, ಪಡೆದ ಸಾಲದ ಪಟ್ಟಿಯಲ್ಲಿ, ಇಲ್ಲವೇ ಪಿತ್ರಾರ್ಜಿತ ಜಮೀನಿನ ಸರ್ವೆ ನಂಬರಿನಲ್ಲಿ. ಇಬ್ಬರ ಅಫಿಡವಿಟ್ಟಿನಲ್ಲೂ ಒಂದೇ ಸರ್ವೆ ನಂಬರ್ ಪಿತ್ರಾರ್ಜಿತವೆಂದು ಬಂದರೆ ಅದು ಗಟ್ಟಿ ಸುಳಿವು. ಒಂದೇ ಸಂಸ್ಥೆಯಲ್ಲಿ ಪಾಲುದಾರರಾಗಿರುವುದು ಗಟ್ಟಿಯಲ್ಲ. ವ್ಯಾಪಾರದಲ್ಲಿ ಜೊತೆಗಿದ್ದವರೆಲ್ಲ ನೆಂಟರಾಗಬೇಕಿಲ್ಲ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರ ಸಲ್ಲಿಸಬಹುದಾದ್ದರಿಂದ ಅಫಿಡವಿಟ್‌ಗಳೂ ಹಲವು ಸಿಗುತ್ತವೆ. ಎಲ್ಲವನ್ನೂ ಇಳಿಸಿಕೊಂಡು ಹೋಲಿಸಿ ನೋಡುತ್ತೇನೆ. ವಿಳಾಸ, ಫೋನ್, ಅಪ್ರಾಪ್ತ ಮಕ್ಕಳ ಹೆಸರು ನನ್ನ ಕಡತಕ್ಕೆ ಬರುವುದಿಲ್ಲ, ಅದರ ಅಗತ್ಯವೂ ಇಲ್ಲ.

ಎರಡನೆಯ ಆಧಾರ ಸದನ ಪ್ರಕಟಿಸುವ ಸದಸ್ಯರ ಪರಿಚಯ, ಮೂರನೆಯದು ಪತ್ರಿಕೆ. ಪತ್ರಿಕೆಯ ‘ಸಹೋದರ’ ದೊಡ್ಡಪ್ಪನ ಮಗನೂ ಆಗಿರಬಹುದು, ‘ಹತ್ತಿರದ ಸಂಬಂಧಿ’ ಯಾರೂ ಆಗಿರಬಹುದು. ಎರಡು ಸ್ವತಂತ್ರ ಆಧಾರ ಸಿಗುವವರೆಗೆ ಆ ಸಾಲು ‘ಬಾಕಿ’ ಎಂದೇ ಉಳಿಯುತ್ತದೆ, ಎಣಿಕೆಗೆ ಸೇರುವುದಿಲ್ಲ.

ಎಣಿಕೆಯಲ್ಲೂ ಮೂರು ಬಗೆ ಇದೆ. ಸದಸ್ಯರು ಎಷ್ಟು, ಕುಟುಂಬ ಎಷ್ಟು, ಜೋಡಿ ಎಷ್ಟು ಎಂಬುದನ್ನು ಬೇರೆ ಬೇರೆ ಹೇಳಬೇಕು. 2023ರ ಮೇ 13ರ ಫಲಿತಾಂಶದಿಂದ ಏಳು ಕುಟುಂಬಗಳನ್ನು ತೆಗೆದುಕೊಳ್ಳೋಣ: ಮೂವರು ಜಾರಕಿಹೊಳಿ ಸೋದರರು, ರೇವಣ್ಣ-ಕುಮಾರಸ್ವಾಮಿ, ದಾವಣಗೆರೆಯ ಶಾಮನೂರು ಶಿವಶಂಕರಪ್ಪ ಮತ್ತು ಮಗ ಮಲ್ಲಿಕಾರ್ಜುನ, ಮೇಲೆ ಹೇಳಿದ ಕೃಷ್ಣಪ್ಪ, ಮುನಿಯಪ್ಪ, ಜಿ.ಟಿ. ದೇವೇಗೌಡ, ಮಂಜು ಇವರ ಮನೆಗಳು. ಸದಸ್ಯರು 15, ಕುಟುಂಬ 7, ಜೋಡಿ 9. ಮೂವರಿದ್ದಲ್ಲಿ ಜೋಡಿ ಮೂರಾಗುತ್ತವೆ. ಈ ಒಂಬತ್ತರಲ್ಲಿ ಪಕ್ಷ ಬೇರೆಯಾದ ಜೋಡಿ ಮೂರು: ಬಿಜೆಪಿಯ ಇಬ್ಬರು ಸೋದರರೊಡನೆ ಕಾಂಗ್ರೆಸ್‌ನ ಸತೀಶ ಅವರದು ಎರಡು, ಮಂಜು-ಮಂತರ್ ಒಂದು. 2024ರ ಜೂನ್‌ನಲ್ಲಿ ಕುಮಾರಸ್ವಾಮಿ ಮಂಡ್ಯದ ಸಂಸದರಾಗಿ ಶಾಸಕ ಸ್ಥಾನ ಬಿಟ್ಟಾಗ 15 ಇದ್ದದ್ದು 14 ಆಗಲಿಲ್ಲ, 13 ಆಯಿತು. ರೇವಣ್ಣ ಸದನದಲ್ಲೇ ಉಳಿದರೂ ಈ ಲೆಕ್ಕದಿಂದ ಹೊರಬಿದ್ದರು. ಶೇಕಡಾವಾರು ಹೇಳುವುದಿದ್ದರೆ ಛೇದ 224 ಅಥವಾ ಆ ದಿನ ಭರ್ತಿಯಿದ್ದ ಸ್ಥಾನಗಳು, ಯಾವುದೆಂದು ಪಕ್ಕದಲ್ಲೇ ಬರೆಯುತ್ತೇನೆ.

ವಾರಸಿಕೆಯನ್ನು ಈ ಲೆಕ್ಕದೊಳಗೆ ಬೆರೆಸುವುದಿಲ್ಲ. ಸಂಡೂರಿನಲ್ಲಿ ಇ. ತುಕಾರಾಂ ಸಂಸದರಾದ ಮೇಲೆ ನವೆಂಬರ್ 2024ರಲ್ಲಿ ಪತ್ನಿ ಅನ್ನಪೂರ್ಣ ಗೆದ್ದರು. ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರ ನಿಧನದ ನಂತರ ಮಗ ರಾಜಾ ವೇಣುಗೋಪಾಲ ನಾಯಕ ಬಂದರು. ಇವರು ವಿಧಾನಸಭೆಯಲ್ಲಿ ಒಟ್ಟಿಗೆ ಕೂತವರಲ್ಲ. ವಾರಸಿಕೆ ಹುಡುಕುತ್ತ ಹಿಂದಕ್ಕೆ ಹೋದರೆ 2008ರ ಕ್ಷೇತ್ರ ಮರುವಿಂಗಡಣೆ ಅಡ್ಡ ಬರುತ್ತದೆ. ಎಂ.ಬಿ. ಪಾಟೀಲರ ತಂದೆ ಬಿ.ಎಂ. ಪಾಟೀಲರ ಕ್ಷೇತ್ರ ತಿಕೋಟಾ, ಮಗನದು ಈಗ ಬಬಲೇಶ್ವರ. ವರುಣಾ, ಯಮಕನಮರಡಿ ಆಗ ಹುಟ್ಟಿದ ಕ್ಷೇತ್ರಗಳು. ಕ್ಷೇತ್ರದ ಹೆಸರು ಹೊಂದಲಿಲ್ಲವೆಂದು ಎಳೆ ಕಡಿಯಬಾರದು, ಹೊಂದಿತೆಂದು ಗಡಿ ಅದೇ ಎಂದುಕೊಳ್ಳಲೂಬಾರದು.

ಪರಿಷತ್ತಿನ 75 ಸ್ಥಾನಗಳಿಗೆ ಬೇರೆ ಹಾಳೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತವಾಗುವುದರಿಂದ ಕಡತ ಬೇಗ ಹಳತಾಗುತ್ತದೆ. ಮೇಲ್ಮನೆ-ಕೆಳಮನೆ ಜೋಡಿಗಳು ಹೆಚ್ಚಾಗಿ ಸ್ಥಳೀಯ ಸಂಸ್ಥೆಗಳ 25 ಸ್ಥಾನಗಳಲ್ಲಿ ಸಿಗುತ್ತವೆ. 2021ರ ಡಿಸೆಂಬರ್‌ನ ಆ ಚುನಾವಣೆಯೊಂದರಲ್ಲೇ ಲಖನ್ ಜಾರಕಿಹೊಳಿ, ಚನ್ನರಾಜ ಹಟ್ಟಿಹೊಳಿ, ರೇವಣ್ಣ ಅವರ ಮಗ ಸೂರಜ್, ಮಧುಗಿರಿಯ ಕೆ.ಎನ್. ರಾಜಣ್ಣ ಅವರ ಮಗ ಆರ್. ರಾಜೇಂದ್ರ ಗೆದ್ದರು. ಪರಿಷತ್ತಿನ ಹಾಳೆ ತೆರೆದಾಗಲೆಲ್ಲ ನಾನು ಮೊದಲು ಆ 25 ಸಾಲುಗಳನ್ನು ಓದಿ, ಆಮೇಲೆ ಉಳಿದವಕ್ಕೆ ಹೋಗುತ್ತೇನೆ.