ಅಪ್ಪ ಅಮ್ಮನ ಮೆಡಿಕೇರ್: ಮಾತ್ರೆ ಡಬ್ಬಿಯಿಂದ ಶುರು

ಅಮೆರಿಕದಲ್ಲಿ ಮೆಡಿಕೇರ್, ಅಂದರೆ ಮುಖ್ಯವಾಗಿ 65 ತುಂಬಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯ ಪ್ಲ್ಯಾನ್ ಬದಲಾಯಿಸಲು ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅವಕಾಶ. ಬದಲಾಯಿಸಿದ್ದು ಜನವರಿ 1ರಿಂದ ಜಾರಿಗೆ ಬರುತ್ತದೆ. ಅಪ್ಪ ಅಮ್ಮನ ಪ್ಲ್ಯಾನ್ ನೋಡಲು ನಾನು ಮಾತ್ರ ಸೆಪ್ಟೆಂಬರ್ ಕೊನೆಗೇ ಕೂರುತ್ತೇನೆ. ಈಗಿರುವ ಪ್ಲ್ಯಾನಿನವರು ಮುಂದಿನ ವರ್ಷದ ಬದಲಾವಣೆ ತಿಳಿಸುವ ‘ಆನ್ಯುಯಲ್ ನೋಟಿಸ್ ಆಫ್ ಚೇಂಜ್’ ಪತ್ರವನ್ನು ಸೆಪ್ಟೆಂಬರ್ 30ರೊಳಗೆ ಮುಟ್ಟಿಸಬೇಕು. ಜಾಹೀರಾತಿನ ರಾಶಿಯ ಜೊತೆ ಅದೂ ಕಸದ ಬುಟ್ಟಿಗೆ ಬೀಳುವುದೇ ಹೆಚ್ಚು, ಹಾಗಾಗಿ ಆ ತಿಂಗಳು ಟಪಾಲಿನ ಯಾವ ಲಕೋಟೆಯನ್ನೂ ಎಸೆಯಬೇಡಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಪತ್ರದಲ್ಲಿ ನೋಡುವುದು ಪ್ರೀಮಿಯಂ, ಔಷಧಿಯ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಕೊಡಬೇಕಾದ ಮೊತ್ತ), ಮಾತ್ರೆಗಳ ಟಿಯರ್ (ದರದ ಶ್ರೇಣಿ), ಅಡ್ವಾಂಟೇಜ್ (ಖಾಸಗಿ ಕಂಪನಿ ನಡೆಸುವ ಮೆಡಿಕೇರ್) ಪ್ಲ್ಯಾನ್ ಆದರೆ ವರ್ಷದ ಗರಿಷ್ಠ ಖರ್ಚು. ಉಳಿದದ್ದು ಬರೀ ಅಲಂಕಾರ.

ಆಮೇಲೆ ಮಾತ್ರೆ ಡಬ್ಬಿ. ಬಾಟಲಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿಟ್ಟು ಲೇಬಲ್ ನೋಡಿಯೇ ಬರೆದುಕೊಳ್ಳಬೇಕು: ಪೂರ್ತಿ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು, 30 ದಿನಕ್ಕೋ 90 ದಿನಕ್ಕೋ. ನೆನಪಿನಿಂದ ಬರೆದರೆ ಲೆಕ್ಕ ತಪ್ಪುತ್ತದೆ. ಬಿಪಿ ಮಾತ್ರೆ ಮೆಟೊಪ್ರೊಲಾಲ್ ಎಂದರಷ್ಟೇ ಸಾಲದು, ಟಾರ್ಟ್ರೇಟ್ ಬೇರೆ, ಸಕ್ಸಿನೇಟ್ ಬೇರೆ. ಊರಿಂದ ತಂದ ಮಾತ್ರೆಗಳನ್ನೂ ಪಕ್ಕಕ್ಕಿಡಬೇಡಿ. ಅವು ಮುಗಿದ ಮೇಲೆ ಏನು ತೆಗೆದುಕೊಳ್ಳಬೇಕೆಂದು ಇಲ್ಲಿನ ಡಾಕ್ಟರನ್ನು ಈಗಲೇ ಕೇಳಿ, ಅವರು ಬರೆದುಕೊಟ್ಟ ಹೆಸರನ್ನೇ ಪಟ್ಟಿಗೆ ಸೇರಿಸಿ.

ಈ ಪಟ್ಟಿ ಹಿಡಿದು ಮೆಡಿಕೇರ್ ಡಾಟ್ ಗವ್ ತಾಣದ ಪ್ಲ್ಯಾನ್ ಫೈಂಡರ್‌ಗೆ ಹೋಗುತ್ತೇನೆ. ಮುಂದಿನ ವರ್ಷದ ದರಗಳು ಅಕ್ಟೋಬರ್ 1ಕ್ಕೇ ಅಲ್ಲಿ ಕಾಣುತ್ತವೆ. ಜಿಪ್ ಕೋಡ್, ಔಷಧಿಗಳು, ಆಮೇಲೆ ಫಾರ್ಮಸಿಗಳು. ಮನೆಯ ಹತ್ತಿರದ್ದೊಂದನ್ನೇ ಹಾಕಿ ಸುಮ್ಮನಾಗಬಾರದು. ಒಂದೇ ಪ್ಲ್ಯಾನಿನಲ್ಲಿ ‘ಪ್ರಿಫರ್ಡ್’ (ಪ್ಲ್ಯಾನ್ ಕಡಿಮೆ ದರಕ್ಕೆಂದು ಆರಿಸಿಕೊಂಡ) ಅಂಗಡಿಗೂ ಅಲ್ಲದ ಅಂಗಡಿಗೂ ಅದೇ ಮಾತ್ರೆಯ ದರ ಬೇರೆ ಇರುತ್ತದೆ. ಫಲಿತಾಂಶವನ್ನು ಪ್ರೀಮಿಯಂ ಮತ್ತು ಔಷಧಿ ಸೇರಿದ ವರ್ಷದ ಖರ್ಚಿನ ಪ್ರಕಾರ ಜೋಡಿಸಿಕೊಳ್ಳಿ. ಪ್ರೀಮಿಯಂ ಸೊನ್ನೆ ಎಂದು ಹಿಗ್ಗಿದರೆ ಮೋಸ: ಸೊನ್ನೆ ಪ್ಲ್ಯಾನಿನಲ್ಲಿ ಒಂದು ಮಾತ್ರೆಗೆ ತಿಂಗಳಿಗೆ 47 ಡಾಲರ್ ಆದರೆ ವರ್ಷಕ್ಕೆ 564, 20 ಡಾಲರ್ ಪ್ರೀಮಿಯಂ ಇದ್ದು ಅದೇ ಮಾತ್ರೆ 10ಕ್ಕೆ ಸಿಕ್ಕರೆ 360. ಪ್ರತಿ ಔಷಧಿಯ ಎದುರು ಪ್ರಯರ್ ಆಥರೈಸೇಷನ್ (ಪ್ಲ್ಯಾನಿನ ಮುಂಗಡ ಒಪ್ಪಿಗೆ) ಅಥವಾ ಸ್ಟೆಪ್ ಥೆರಪಿ (ಮೊದಲು ಅಗ್ಗದ ಔಷಧಿ ಪ್ರಯತ್ನಿಸಬೇಕು) ಎಂಬ ಗುರುತಿದೆಯೇ ಎಂದೂ ನೋಡಬೇಕು. ಇದ್ದರೆ ಡಾಕ್ಟರ ಕಚೇರಿಗೆ ಜನವರಿಗಿಂತ ಮೊದಲೇ ತಿಳಿಸಿಡುವುದು ಕ್ಷೇಮ.

2026ಕ್ಕೆ ಪಾರ್ಟ್ ಡಿ, ಅಂದರೆ ಔಷಧಿ ವಿಮೆಯ ಡಿಡಕ್ಟಿಬಲ್ 615 ಡಾಲರ್ ಮೀರುವಂತಿಲ್ಲ. ಔಷಧಿಗೆ ಕೈಯಿಂದ ಹೋಗುವ ದುಡ್ಡಿಗೆ 2,100 ಡಾಲರಿನ ಮಿತಿಯಿದೆ, ಆದರೆ ಪ್ರೀಮಿಯಂ ಆಗಲಿ, ಪ್ಲ್ಯಾನಿನ ಪಟ್ಟಿಯಲ್ಲಿಲ್ಲದ ಮಾತ್ರೆಗೆ ಕೊಟ್ಟದ್ದಾಗಲಿ ಅದರಲ್ಲಿ ಸೇರುವುದಿಲ್ಲ.

ಅಡ್ವಾಂಟೇಜ್ ಪ್ಲ್ಯಾನ್ ಆಗಿದ್ದರೆ ಡಾಕ್ಟರುಗಳಿಗೂ ಫೋನ್ ಮಾಡಬೇಕು. ‘ಮೆಡಿಕೇರ್ ತಗೋತೀರಾ’ ಎಂದು ಕೇಳಿದರೆ ಹೂಂ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಒಂದೇ ಕಂಪನಿಗೆ ಒಪ್ಪಂದದ ಡಾಕ್ಟರುಗಳ ಹಲವು ನೆಟ್‌ವರ್ಕ್ ಇರುತ್ತವೆ. ಪ್ಲ್ಯಾನಿನ ಪೂರ್ತಿ ಹೆಸರು, ಸಂಖ್ಯೆ ಓದಿ ಹೇಳಿ, ಬರುವ ಜನವರಿಯಲ್ಲೂ ಅದರಲ್ಲಿ ಇರುತ್ತೀರಾ ಎಂದು ಬಿಲ್ಲಿಂಗ್ ವಿಭಾಗದವರನ್ನೇ ಕೇಳಿ.

ಪಾರ್ಟ್ ಡಿ ಬದಲಾಯಿಸಲು ನಾನು ಎರಡು ಸಲ ಯೋಚಿಸುವುದಿಲ್ಲ, ವರ್ಷ ವರ್ಷ ಬದಲಾಯಿಸಿದರೂ ನಷ್ಟವಿಲ್ಲ. ಮೂಲ ಮೆಡಿಕೇರ್ (ಸರ್ಕಾರ ನೇರವಾಗಿ ಕೊಡುವುದು) ಜೊತೆ ಮೆಡಿಗ್ಯಾಪ್ (ಅದು ಕೊಡದ ಪಾಲಿಗೆ ಖಾಸಗಿ ಪೂರಕ ವಿಮೆ) ಇರುವವರು ಅದನ್ನು ಬಿಟ್ಟು ಅಡ್ವಾಂಟೇಜ್‌ಗೆ ಹೋಗುವುದು ಮಾತ್ರ ಚಕ್ರವ್ಯೂಹ. ಒಳಗೆ ಹೋಗಲು ಯಾರೂ ಆರೋಗ್ಯ ಕೇಳುವುದಿಲ್ಲ. ವಾಪಸು ಬರುವಾಗ ಮೆಡಿಗ್ಯಾಪ್ ಕಂಪನಿ ಹೆಚ್ಚಿನ ರಾಜ್ಯಗಳಲ್ಲಿ ಕಾಯಿಲೆಗಳ ವಿವರ ಕೇಳಿ ಇಲ್ಲ ಎನ್ನಬಹುದು. ಕೇಳದೆ ಕೊಡಲೇಬೇಕಾದದ್ದು 65 ತುಂಬಿ ಪಾರ್ಟ್ ಬಿ (ಡಾಕ್ಟರ ಖರ್ಚು ನೋಡುವ ಭಾಗ) ಶುರುವಾದ ಮೊದಲ 6 ತಿಂಗಳು. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ರಾಜ್ಯಗಳಲ್ಲಿ ನಿಯಮ ಸಡಿಲ. ಮೊದಲ ಸಲ ಅಡ್ವಾಂಟೇಜ್ ಪ್ರಯತ್ನಿಸಿದವರಿಗೆ 12 ತಿಂಗಳೊಳಗೆ ಹಿಂದಿರುಗುವ ಹಕ್ಕಿರುವುದೂ ಉಂಟು. ಅದಿಲ್ಲದವರು ಮೆಡಿಗ್ಯಾಪ್ ಅರ್ಜಿಗೆ ಒಪ್ಪಿಗೆ ಕೈಗೆ ಬರುವ ತನಕ ಇದ್ದ ಪ್ಲ್ಯಾನ್ ಬಿಡಬಾರದು.

ನಮ್ಮವರಿಗೆ ಇನ್ನೊಂದು ತೊಡಕು, ಊರಿನ ಪ್ರಯಾಣ. ಭಾರತದ ಆಸ್ಪತ್ರೆಯ ಬಿಲ್ಲನ್ನು ಮೂಲ ಮೆಡಿಕೇರ್ ಕೊಡುವುದಿಲ್ಲ. ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಕೆಲವು ಪ್ಲ್ಯಾನ್‌ಗಳು ಪ್ರಯಾಣದ ಮೊದಲ 60 ದಿನಗಳಲ್ಲಿ ಶುರುವಾದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು, ಶೇ 80ರಷ್ಟು ಕೊಡುತ್ತವೆ. ಜೀವಮಾನಕ್ಕೆ 50,000 ಡಾಲರ್ ಮಿತಿ. ಅಡ್ವಾಂಟೇಜ್‌ನಲ್ಲಿ ಸಾಮಾನ್ಯವಾಗಿ ಸತತ 6 ತಿಂಗಳಿಗಿಂತ ಹೆಚ್ಚು ಸೇವಾ ಪ್ರದೇಶದ ಹೊರಗಿದ್ದರೆ ಹೆಸರೇ ತೆಗೆದುಹಾಕುತ್ತಾರೆ. ದಸರೆಗೆ ಮೈಸೂರಿಗೆ ಹೋಗಿ ಯುಗಾದಿ ಮುಗಿಸಿ ಬರುವವರು ಆ ಗಡಿಯ ಅಂಚಿನಲ್ಲೇ ಇರುತ್ತಾರೆ. ಅಪ್ಪ ಅಮ್ಮ ಹೊರಡುವುದು ಅಕ್ಟೋಬರ್ 15ರ ನಂತರವಾದರೆ, ಅವರು ಪಕ್ಕದಲ್ಲಿ ಕೂತಿರುವಾಗಲೇ ಅವರ ಖಾತೆಯಿಂದ ಸೇರ್ಪಡೆ ಮುಗಿಸಿಬಿಡುತ್ತೇನೆ. ಮೊದಲೇ ಹೊರಟರೆ ಲಾಗಿನ್, ಮೆಡಿಕೇರ್ ಕಾರ್ಡು ಅವರ ಜೊತೆಗೇ ಹೋಗಬೇಕು.

ಸೇರುವಾಗ ಹಳೆಯ ಪಾರ್ಟ್ ಡಿ ಅಥವಾ ಅಡ್ವಾಂಟೇಜ್ ಪ್ಲ್ಯಾನನ್ನು ನೀವಾಗಿ ರದ್ದು ಮಾಡಬೇಡಿ. ಹೊಸದು ಶುರುವಾದಾಗ ಹಳೆಯದು ತಾನೇ ಮುಗಿಯುತ್ತದೆ. ಅವಸರದಲ್ಲಿ ರದ್ದು ಮಾಡಿ, ಸತತ 63 ದಿನ ಔಷಧಿ ವಿಮೆ ಇಲ್ಲದೆ ಹೋದರೆ, ಮುಂದೆ ಪಾರ್ಟ್ ಡಿ ಇರುವಷ್ಟು ಕಾಲವೂ ಪ್ರೀಮಿಯಂ ಮೇಲೆ ದಂಡ ಬೀಳಬಹುದು. ಮೆಡಿಗ್ಯಾಪ್ ಹಾಗಲ್ಲ, ಅದನ್ನು ಬೇಡವೆಂದರೆ ನೀವೇ ನಿಲ್ಲಿಸಬೇಕು. ಗೊಂದಲವಾದರೆ ಪ್ರತಿ ರಾಜ್ಯದಲ್ಲೂ ಇರುವ ‘ಶಿಪ್’ ಎಂಬ ಸರ್ಕಾರಿ ಮೆಡಿಕೇರ್ ನೆರವು ಕಾರ್ಯಕ್ರಮದ ಸಲಹೆಗಾರರು ಪುಕ್ಕಟೆಯಾಗಿ ಕೂತು ನೋಡಿಕೊಡುತ್ತಾರೆ. ನವೆಂಬರ್ ಕೊನೆಗೆ ಅವರ ಸಮಯ ಸಿಗುವುದು ಕಷ್ಟ.

ಕೊನೆಗೆ ಬರುವ ದೃಢೀಕರಣ ಸಂಖ್ಯೆಯನ್ನು ಬರೆದಿಡುತ್ತೇನೆ. ಡಿಸೆಂಬರ್ ಮೂರನೇ ವಾರ ಎಲ್ಲ ಮಾತ್ರೆ ಒಮ್ಮೆ ತುಂಬಿಸಿಡುತ್ತೇನೆ, ಯಾಕೆಂದರೆ ಜನವರಿ ಮೊದಲ ವಾರ ಫಾರ್ಮಸಿಯ ಕಂಪ್ಯೂಟರಿನಲ್ಲಿ ಹಳೆಯ ಕಾರ್ಡೇ ಕೂತಿರುತ್ತದೆ. ಹೊಸ ಕಾರ್ಡನ್ನು ಕೌಂಟರಿನಲ್ಲಿ ತೋರಿಸಿ, ಹಳೆಯದನ್ನು ತೆಗೆಸಿದ ಮೇಲೆಯೇ ಮೊದಲ ಬಿಲ್.