ಊರಿಗೆ ಬೋರ್‌ವೆಲ್ ನೀರು: ಮೊದಲು ಪಂಪ್ ಪರೀಕ್ಷೆ

ಕೊರೆದ ದಿನ ನೀರು ಚಿಮ್ಮಿತು ಅಂತ ಸುಮ್ನೆ ಪೈಪ್‌ಲೈನ್ ಹಾಕಬೇಡಿ. ನಾನು ಎಲ್ಲೇ ಹೋದರೂ ಮೊದಲು ಕೇಳುವುದು ಪಂಪ್ ಪರೀಕ್ಷೆಯ ಲೆಕ್ಕವನ್ನೇ, ಅಂದರೆ ಪಂಪ್‌ನಿಂದ ನೀರೆತ್ತಿ ಬಾವಿ ಎಷ್ಟು ನೀರು ಕೊಡಬಲ್ಲದು ಎಂದು ಅಳೆದ ಲೆಕ್ಕವನ್ನು.

ಹಂತ ಹಂತವಾಗಿ ನೀರೆತ್ತುವ ಪ್ರಮಾಣ ಏರಿಸಿ, ಬಾವಿ ಎಷ್ಟು ತಾಳುತ್ತದೆ ನೋಡಿ. ಆಮೇಲೆ ಒಂದೇ ಪ್ರಮಾಣದಲ್ಲಿ 72 ಗಂಟೆ ಎತ್ತಿ. ಆ ನೀರನ್ನು ದೂರಕ್ಕೆ ಹರಿಸಿ, ಇಲ್ಲದಿದ್ದರೆ ಅದೇ ಮತ್ತೆ ಇಂಗಿ ಲೆಕ್ಕ ಕೆಡಿಸುತ್ತದೆ. ಅಕ್ಕಪಕ್ಕದ ಬಾವಿಗಳ ಮಟ್ಟವನ್ನೂ ಅಳೆಯಿರಿ. ಇನ್ನೊಬ್ಬರ ಬಾವಿ ಬತ್ತಿಸಿ ಊರಿಗೆ ನೀರು ಕೊಡುವುದು ನ್ಯಾಯವಲ್ಲ, ಅಲ್ವಾ?

ಪಂಪ್ ನಿಂತ ಮೇಲೂ ಅಳತೆ ಬಿಡಬೇಡಿ. ಮಟ್ಟ ಮೊದಲಿನಷ್ಟು ಮೇಲೇರದಿದ್ದರೆ ಒಳಗಿನ ಸಂಗ್ರಹವೇ ಚಿಕ್ಕದು ಎಂದು ನಾನು ಅನುಮಾನಿಸುತ್ತೇನೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ನೀರಿನ ಮಾದರಿ ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ದಾಟಬಾರದು.