ಮನ್ಯಾಗ ಹೊಯ್ದ ಕಲ್ಲು, ತೊಡಿ ಮ್ಯಾಲ ಎರಡು ಉಸುರು: ಸ್ಟ್ರಾಂಗ್‌ಮನ್‌ದಾಗ ನನ್ನ ಅನುಭವ

ಹೋದ ಚಳಿಗಾಲದಾಗ ಹೈದರಾಬಾದ್‌ದಾಗಿನ ಒಂದು ಓಪನ್ ಸ್ಟ್ರಾಂಗ್‌ಮನ್ (ಭಾರದ ಸಾಮಾನು ಎತ್ತೋ, ಹೊರೋ ಆಟ) ಕಾಂಪಿಟಿಷನ್‌ದಾಗ 80 ಕೆಜಿ ಆಜುಬಾಜು ಇರೋ ಅಟ್ಲಾಸ್ ಸ್ಟೋನ್ (ದುಂಡನ್ನ ಕಾಂಕ್ರೀಟ್ ಗುಂಡು) ನಾಕ್ ಸಲ ಎತ್ತಿ ಬಾರ್ ದಾಟಿಸೀನಿ, ನನ್ನ ಮೈತೂಕ ಆವಾಗ 68ರ ಹತ್ರ. "ಕಲ್ಲು ತೊಡಿ ಮ್ಯಾಲ ಇಟ್ಕೊಂಡು ಕುಂತ್ರ ಟೈಮ್ ಹೋಗ್ತದವ್ವಾ, ಒಂದೇ ಎಳತದಾಗ ಎತ್ತು" ಅಂತ ಬೈಕೋತ ಬಂದವ್ರೇ ಈಗ ವಿಡಿಯೋ ಕಳಸು ಅಂತಾರ. ಅದಕ್ಕ ಒಮ್ಮಿ ಕುಂತು ಬರೀಲಿಕತ್ತೀನಿ. ಯೋಕ್ (ಭುಜದ ಮ್ಯಾಲ ಭಾರದ ಚೌಕಟ್ಟು ಹೊತ್ತು ನಡಿಯೋದು), ಫಾರ್ಮರ್ಸ್ ವಾಕ್ (ಎರಡೂ ಕೈಯಾಗ ಭಾರ ಹಿಡದು ನಡಿಯೋದು), ಡೆಡ್‌ಲಿಫ್ಟ್ ಎಲ್ಲಾ ನಿಮಗ ಗೊತ್ತೇ ಅದ, ಅದನ್ನ ಬಿಡ್ತೀನಿ.

ಮೊದಲ ಕಲ್ಲಿಂದು ಹೇಳ್ತೀನಿ. ನಾ ಹೋಗೋ ಜಿಮ್‌ದಾಗ ಬಾರು, ಪ್ಲೇಟು, ಡಂಬೆಲ್ ಅಷ್ಟೇ. ಹೊರಗಿಂದ ತರಸ್ಬೇಕಂದ್ರ ಕಲ್ಲಿನ ರೊಕ್ಕಕ್ಕಿಂತ ಗಾಡಿ ಬಾಡಿಗಿನೇ ಜಾಸ್ತಿ. ಸೇಡಂ, ವಾಡಿ, ಶಹಾಬಾದ್ ಸುತ್ತ ಇಷ್ಟೊಂದ್ ಸಿಮೆಂಟ್ ಫ್ಯಾಕ್ಟರಿ ಇಟ್ಕೊಂಡು ನಾ ಯಾಕ ಬ್ಯಾರೆ ಊರಿಂದ ಸಿಮೆಂಟ್ ಗುಂಡು ತರಸ್ಲಿ? ಜಿಮ್ ಬಾಲ್‌ಗೆ ಗಾಳಿ ತುಂಬಿ, ಟೇಪ್ ಹಿಡಿದು ಸುತ್ತಳತಿ 50 ಇಂಚ್ ಬಂದ್ ಕೂಡ್ಲೇ ನಿಲ್ಸಿದ್ರ 16 ಇಂಚ್ ಅಡ್ಡಳತಿ ಕಲ್ಲಾಗ್ತದ. ಅದರ ಮ್ಯಾಲ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಗೋಣಿ ಪಟ್ಟಿ ಸುತ್ತಿ ಎರಡು ಹೋಳಿನ ಮೋಲ್ಡ್ ಮಾಡಿದೆ. ಮೊದಲ್ನೇ ಮೋಲ್ಡ್ ಕಾಂಕ್ರೀಟ್ ಭಾರಕ್ಕ ಹೊಟ್ಟಿ ಉಬ್ಬಿಸಿ ಬಾಯಿ ಬಿಡ್ತು, ಕಲ್ಲು ತತ್ತಿ ಆಕಾರಕ್ಕ ಬಂತು, ಎತ್ತಾಕ ಹೋದ್ರ ಯಾವಾಗ್ಲೂ ಎಡಕ್ಕೇ ಹೊಳ್ಳತಿತ್ತು. ಎರಡ್ನೇದು ನೋಡಾಕ ಚಂದ ಇತ್ತು ಖರೆ, ಎರಡು ವಾರಕ್ಕ ನಡಕ ಸೀಳ್ತು, ಒಳಗ ನೋಡಿದ್ರ ಪೂರ್ತಿ ತೂತು. ಸಿಮೆಂಟು, ಖಡಿ, ಪಿಒಪಿ, ಬಾಲು, ಆಟೋ ಬಾಡಿಗಿ ಸೇರಿ ಮೂರು ಸಾವಿರ ಹೋಗಿರಬೇಕು. ನಾ ದಾಲ್ ಮಿಲ್‌ದಾಗ ಲೆಕ್ಕ ಬರಿಯಾಕಿ, ನನ್ನ ಪಗಾರಕ್ಕ ಅದು ಸಣ್ಣ ರೊಕ್ಕ ಅಲ್ಲ, ನಮ್ಮತ್ತಿ ಅಂತೂ "ಆ ರೊಕ್ಕದಾಗ ಒಂದು ಇಳಕಲ್ ಸೀರಿ ಬರ್ತಿತ್ತು" ಅಂತ ಹೋಳಿ ತನಕ ಅಂದ್ರು.

ದಾರಿ ತೋರಿಸಿದ್ದು ನಮ್ಮ ಓಣಿ ಗೌಂಡಿ ಕಾಕಾ. ಮೋಲ್ಡ್ ಬರೇ ನೆಲದ ಮ್ಯಾಲ ಇಡಬ್ಯಾಡ, ಡ್ರಮ್ಮಿನ್ಯಾಗ ಉಸುಕು ತುಂಬಿ ಅದರಾಗ ಕುತ್ತಿಗಿ ತನಕ ಹುಗಿ, ಸುತ್ತ ಉಸುಕೇ ಒತ್ತಿ ಹಿಡೀತದ ಅಂದ್ರು. ಸಣ್ಣ ಖಡಿ, ನೀರು ಕಮ್ಮಿ. ಇನ್ನ ನಮ್ಮ ಬಿಸಿಲು, ಏಪ್ರಿಲ್ ಮೇದಾಗ 42-43 ಹೊಡಿಯೋ ಊರಾಗ ಕಾಂಕ್ರೀಟ್ ಗಟ್ಟಿ ಆಗೋ ಮೊದ್ಲೇ ಒಣಗತದ, ಸೀಳೋದೇ ಅದಕ್ಕ. ಮೋಲ್ಡ್ ಬಿಚ್ಚಿದ್ ಮ್ಯಾಲ ಗೋಣಿಚೀಲ ಸುತ್ತಿ ಮುಂಜಾನಿ ಸಂಜಿ ನೀರು ಹೊಡದು 28 ದಿನ ಮುಟ್ಟಂಗಿಲ್ಲ. ಒಳಗಿನ ಗಾಳಿ ಹೊರಗ ತೆಗಿಲಿಕ್ಕ ನಾ ಏನ್ ಮಾಡ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ. ಈಗ ನನ್ನ ಹತ್ರ 12 ಇಂಚಿಂದು 35 ಕೆಜಿ, 14 ಇಂಚಿಂದು 55 ಕೆಜಿ, 16 ಇಂಚಿಂದು 80ರ ಮ್ಯಾಲ ಒಂದೆರಡು ಕೆಜಿ, ಹಿಂಗ ಮೂರು ಕಲ್ಲು ಅವ. ಒಂದಕ್ಕ ಐದಾರನೂರಕ್ಕಿಂತ ಜಾಸ್ತಿ ಬಿದ್ದಿಲ್ಲ. ಕೆಳಗ ಹಳೇ ಟ್ರ್ಯಾಕ್ಟರ್ ಟೈರ್ ಹಾಕೇ ಒಗೀತೀನಿ, ಫರಸಿ ಮ್ಯಾಲ ಒಗದ್ರ ಫರಸಿನೂ ಹೋಗ್ತದ, ಕಲ್ಲೂ ಹೋಗ್ತದ.

ಈಗ ತೊಡಿ ಮಾತಿಗೆ ಬರ್ತೀನಿ, ನಿಜವಾದ ವಿಷಯ ಅದೇ ಅದ. ನನಗ ಎರಡು ಹೆರಿಗಿ ಆಗ್ಯಾವ. ಭಾರ ಎತ್ತುವಾಗ, ಯೋಕ್ ಹೊತ್ತು ನಡಿಯುವಾಗ ಒಂದೆರಡು ಹನಿ ಮೂತ್ರ ಹೋಗ್ತಿತ್ತು. ನಮ್ಮಂಥವ್ರಿಗೆ ಬಹಳ ಮಂದಿಗೆ ಹಿಂಗ ಆಗ್ತದ, ಯಾರೂ ಬಾಯಿ ಬಿಡಂಗಿಲ್ಲ, ಅರ್ಧಕ್ಕೇ ಬಿಟ್ಟು ಹೋಗ್ತಾರ. ಮನಿ ಮಂದಿ "ಗರ್ಭಕೋಶ ಜಾರತದ" ಅಂತ ಹೆದರಿಸಿದ್ರು, ಜಿಮ್‌ದವ್ರಿಗೆ ಹೇಳಾಕ ನಾಚಿಕಿ. ಕಡೀಗೆ ಒಬ್ರು ಫಿಸಿಯೋ ಅಕ್ಕನ ಹತ್ರ ಹೋದೆ, ನೂರು ಇನ್ನೂರು ಫೀಸ್ ಕೊಟ್ಟು ಬಂದಿದ್ದು ಭಾರ ಎತ್ತುವಾಗ ಸೊಂಟಕ್ಕ ಕಟ್ಟೋ ಬೆಲ್ಟಿಗೆ ಹಾಕಿದ ಸಾವಿರಾರು ರೂಪಾಯಿಗಿಂತ ಕೆಲಸಕ್ಕ ಬಂತು. ಹೊಟ್ಟಿ ತುಂಬ ಉಸುರು ಹಿಡದು ಬೆಲ್ಟ್ ಬಿಗಿದ್ರ ಆ ಒತ್ತಡ ಎಲ್ಲ ಕೆಳಗ ಬೀಳ್ತದ. ಬೆಲ್ಟ್ ಒಂದೆರಡು ಬೆರಳು ಮ್ಯಾಲ ಕಟ್ಟು, ಮೂತ್ರ ತಡಿಯೋ ಕೆಳಗಿನ ಸ್ನಾಯು ಮೊದ್ಲು ಮ್ಯಾಲ ಎಳಕೋ, ಎದ್ದು ನಿಲ್ಲುವಾಗ ಉಸುರು ಸ್ವಲ್ಪ ಸ್ವಲ್ಪ ಬಿಡು ಅಂದ್ರು.

ಅದನ್ನೇ ಕಲ್ಲಿಗೆ ಹಚ್ಚಿದೆ. ನೆಲದಿಂದ ಕಲ್ಲು ಎಳದು ತೊಡಿಗೆ ತಂದು, ಆಳಕ್ಕ ಕುಂತು, ಪೂರ್ತಿ ಎರಡು ಉಸುರು ತಗೋತೀನಿ. ಆವಾಗ ಕೈ ಮ್ಯಾಲ ಸರಿಸಿ ನಿದ್ದಿಗಣ್ಣಿನ ಕೂಸಿನ ಎದಿಗೆ ಅವಚಿದಂಗ ಅವಚ್ಕೋತೀನಿ, ಆಮ್ಯಾಲ ಸೊಂಟದ ಒಂದೇ ಏಟಿಗೆ ಮ್ಯಾಲ. ಗಂಡಸ್ರು ತೋಳಿನ ಜೋರಿನ್ಯಾಗ ಎತ್ತಾಕ ಹೋಗಿ ಬೈಸೆಪ್ ಹರ್ಕೋತಾರ, ನಮಗ ಸೊಂಟ, ತೊಡಿನೇ ಆಸ್ತಿ, ತೋಳು ಬರೇ ಹಗ್ಗ ಇದ್ದಂಗ ಇರಬೇಕು. ಎದಿ ನಡುವ ಬರ್ತದ, ನೋಯ್ತದ, ಅದಕ್ಕ ಬಿಗಿ ಸ್ಪೋರ್ಟ್ಸ್ ಬ್ರಾ ಹಾಕಿ ಕಲ್ಲು ಒಂದು ಗೇಣು ಕೆಳಗ ಹಿಡೀತೀನಿ. ಎರಡು ಉಸುರಿಗೆ ನಾಕೈದು ಸೆಕೆಂಡ್ ಹೋಗ್ತಾವ ಖರೆ, ಆದ್ರ ನನ್ನ ಜೊತಿ ಇಳದಾಕಿ ಮೊದಲೆರಡು ಸಲ ಪಟಪಟ ಎತ್ತಿ ಮೂರ್ನೇ ಸಲಕ್ಕ ನಿಂತ್ಳು, ನಂದು ನಾಕ್ನೇ ಸಲನೂ ಮೊದಲ್ನೇದರಂಗೇ ಹೋತು. ಮುಟ್ಟಿನ ಹಿಂದಿನ ವಾರ ಮಾತ್ರ ನಾ 55ರ ಮ್ಯಾಲ ಹೋಗಂಗಿಲ್ಲ, ಬರೇ ಹಿಡಿತದ ಕೆಲಸ.

ಕಲ್ಲು ತಿಕ್ಕಿ ಮುಂಗೈ ಒಳಗ ಕಂದು ನೀಲಿ ಬರೆ ಬೀಳ್ತಾವ. ಓಣಿ ಅವ್ವಂದಿರು ನಮ್ಮನಿಯವ್ರಿಗೆ "ಯಾಕೋ ತಮ್ಮಾ, ಹೊಡೀತಿ ಏನು ಅಕಿಗೆ" ಅಂತ ಕೇಳಿದ್ರು. ಪಾಪ ಅವ್ರು ಅವತ್ತಿಂದ ನಾ ಪ್ರಾಕ್ಟೀಸ್ ಮಾಡುವಾಗ ಬಾಗಿಲ ತಗದೇ ಇಡ್ತಾರ, ಎಲ್ರಿಗೂ ಕಾಣ್ಲಿ ಅಂತ. "ಕಲ್ಲು ಎತ್ತೋದು ಗಂಡಸ್ರ ಆಟ" ಅಂದವ್ರಿಗೆ ನಾ ಹೇಳೋದು ಸ್ಕಾಟ್ಲೆಂಡಿನ ಡಿನ್ನಿ ಅನ್ನೋ ಜೋಡಿ ಕಲ್ಲಿನ ಕತಿ. ಎರಡೂ ಸೇರಿ 332 ಕೆಜಿ ಮ್ಯಾಲ, 1979ರಾಗ ಜ್ಯಾನ್ ಟಾಡ್ ಅನ್ನಾಕಿ ಕೈಗೆ ಪಟ್ಟಿ ಕಟ್ಕೊಂಡು ಎತ್ತಿದ್ಳು, 2018ರಾಗ ಲೀ ಹಾಲಂಡ್-ಕೀನ್ ಬರಿಗೈಲೇ ಎತ್ತಿದ್ಳು. ನಮ್ಮ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತುವಾಗ ಹೆಣ್ಮಕ್ಕಳು ಚಪ್ಪಾಳಿ ಹೊಡ್ಕೋತ ನಿಂತಿರ್ತೀವಿ, ಅದು ನನಗ ಸೇರಂಗಿಲ್ಲ.

ನಡುವ ಒಂದು ಹುಚ್ಚು ಪ್ರಯೋಗನೂ ಆತು. ಹೊರಗಿನ ಟ್ಯಾಕಿ (ಕಲ್ಲು ಜಾರಬಾರ್ದಂತ ಕೈಗೆ ಹಚ್ಚೋ ಅಂಟು) ಭಾಳ ತುಟ್ಟಿ, ಅದಕ್ಕ ರಾಳ ಕರಗಿಸಿ ಔಡಲೆಣ್ಣಿ ಕೂಡಿಸಿ ಅಂಟು ಮಾಡಿದೆ. ನೇರ ಉರಿ ಮ್ಯಾಲ ಇಡಬ್ಯಾಡ್ರಿ, ರಾಳ ಬೆಂಕಿ ಹಿಡೀತದ, ಕುದಿಯೋ ನೀರಿನ್ಯಾಗ ಡಬ್ಬಿ ಇಟ್ಟು ನಿಧಾನಕ್ಕ ಕರಗಿಸ್ರಿ. ಬ್ಯಾಸಗಿಗೆ ಎಣ್ಣಿ ಕಮ್ಮಿ ಹಾಕ್ಬೇಕು, ಇಲ್ಲಾಂದ್ರ ಜೇನಿನಂಗ ಹರೀತದ, ಚಳಿಗಾಲಕ್ಕ ಜಾಸ್ತಿ. ಅಳತಿ ಹೇಳಂಗಿಲ್ಲ, ಒಂದು ಬ್ಯಾಸಗಿ ಪೂರ್ತಿ ಅದಕ್ಕೇ ಕೊಟ್ಟೀನಿ. ಕೈ ತೊಳಿಲಿಕ್ಕ ಕೊಬ್ರಿ ಎಣ್ಣಿ ಸಾಕು. ಬೋರ್‌ವೆಲ್ ಕೇಸಿಂಗ್ ಪೈಪ್ ತುಂಡು ತಂದು ವೆಲ್ಡಿಂಗ್ ಅಂಗಡ್ಯಾಗ ಲಾಗ್ (ತಲಿ ಮ್ಯಾಲ ಎತ್ತೋ ದಿಮ್ಮಿಯಂಥ ಭಾರ) ಮಾಡಿಸೀನಿ, ಸಾವಿರದ ಎಂಟ್ನೂರೋ ಎರಡು ಸಾವಿರೋ ಆತು, ಒಳಗಿನ ಹಿಡಿಕಿ ನಮ್ಮ ಸಣ್ಣ ಕೈಗೆ ಸಣ್ಣ ರಾಡಿಂದೇ ಹಾಕಸ್ರಿ. ಗಂಜ್ ಮಾರ್ಕೆಟ್ಟಿನ ಹಮಾಲರು ಕೊಟ್ಟ ಹಳೇ ತೊಗರಿ ಚೀಲದಾಗ ಉಸುಕು ತುಂಬಿದ್ದು ಮಾತ್ರ ದಂಡ, ಎರಡು ಸಲ ಒಗದ್ರ ಹೊಲಿಗಿ ಬಿಚ್ತದ, ಒಳಗ ಲಾರಿ ಟ್ಯೂಬ್ ಹಾಕಿದ್ ಮ್ಯಾಲ ನಿಂತಾವ.

ಈಗ 18 ಇಂಚಿಂದು ಹೊಯ್ದೀನಿ, 115 ಕೆಜಿ ದಾಟತದ, ಗೋಣಿಚೀಲದಾಗ ಅದ. 16ರ ಮೋಲ್ಡ್ ಖಾಲಿ ಬಿದ್ದದ, ಊರಾಗ ಯಾರ ಹೆಣ್ಮಕ್ಕಳು ಬೇಕಂದ್ರ ಒಯ್ರಿ, ಸಿಮೆಂಟು ಖಡಿ ನಿಮ್ದು, ಹೊಯ್ಯುವಾಗ ನಾ ಬಂದು ನಿಲ್ತೀನಿ.